ಡೈನೋಸಾರ್ ಹೆಜ್ಜೆಗೆ ಬೂಷ್ಟು ಬಂದರೆ?

ಪ್ರಶ್ನೆ: 4 ವರ್ಷದ ಮಗಳಿಗೆ ಡೈನೋಸಾರ್ ಹುಚ್ಚು. ಮೈದಾ, ಉಪ್ಪು ಕಲಸಿ ಹೆಜ್ಜೆಯಚ್ಚು ಮಾಡಿಕೊಟ್ಟೆವು. ವಾರವಾದರೂ ಒಣಗದೆ ಬೂಷ್ಟು ಹಿಡಿಯಿತು. ಅಂಗಡಿಯಿಂದ ತಂದ, ಪ್ಲಾಸ್ಟರ್ ಇಟ್ಟಿಗೆ ಅಗೆದು ಡೈನೋಸಾರ್ ಗೊಂಬೆ ಹೊರತೆಗೆಯುವ ಕಿಟ್ ಕಲ್ಲಿನಷ್ಟು ಗಟ್ಟಿ, ಹತ್ತೇ ನಿಮಿಷಕ್ಕೆ ಕೈಬಿಟ್ಟಳು. ಮನೆಯಲ್ಲಿ ಓವನ್ ಇಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಬಸವನಗುಡಿ

ಉತ್ತರ: ಬೆಂಗಳೂರಿನ ಮಳೆಗಾಲದಲ್ಲಿ ಉಪ್ಪು-ಮೈದಾ ಒಣಗುವುದು ಕಷ್ಟ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ದಪ್ಪ ತಟ್ಟಿದ್ದರಂತೂ ಮೇಲೆ ಗಟ್ಟಿ, ಒಳಗೆ ಹಸಿ. ಬೂಷ್ಟು ಅಲ್ಲಿಂದಲೇ ಶುರು.

ಈಗ ಸೋಡದ ಹಿಟ್ಟು ಮಾಡಿ. ಸ್ಟೀಲ್ ಪಾತ್ರೆಯಲ್ಲಿ 2 ಲೋಟ ಅಡುಗೆ ಸೋಡ, 1 ಲೋಟ ಕಾರ್ನ್‌ಫ್ಲೋರ್, ಒಂದೂಕಾಲು ಲೋಟ ತಣ್ಣೀರು ಹಾಕಿ, ಗಂಟಿಲ್ಲದಂತೆ ಕಲಕಿ ಸಣ್ಣ ಉರಿಗಿಡಿ. ಅಲ್ಯೂಮಿನಿಯಂ ಬೇಡ, ಸೋಡಕ್ಕೆ ಕಪ್ಪಾಗುತ್ತದೆ. ಮೊದಮೊದಲು ಹಾಲಿನಂತಿದ್ದು ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತಳದಿಂದ ಗಂಟೇಳುತ್ತದೆ. ಆಗ ಮುದ್ದೆ ತಿರುವಿದ ಹಾಗೆ ಬಿಡದೆ ತಿರುವಿ, ಪಾತ್ರೆ ಬಿಟ್ಟು ಒಂದೇ ಉಂಡೆಯಾದ ಕೂಡಲೇ ಇಳಿಸಿ. ಹೆಚ್ಚು ಬೇಯಿಸಿದರೆ ಒಣಗುವಾಗ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆ ಮುಚ್ಚಿ ಆರಿಸಿ, ನಾದಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ.

ಗೊಂಬೆಯ ಕಾಲಿಗೆ ಒಣ ಕಾರ್ನ್‌ಫ್ಲೋರ್ ಸವರಿ ನೆಟ್ಟಗೆ ಒತ್ತಿ, ನೆಟ್ಟಗೇ ಎತ್ತಬೇಕು. ಓರೆಯಾಗಿ ಎತ್ತಿದರೆ ಬೆರಳಿನ ಅಚ್ಚು ಕಿತ್ತುಬರುತ್ತದೆ. ಎರಡು ಕಾಲಿನ ಮಾಂಸಾಹಾರಿಗಳದು ಚೂಪುಗುರಿನ ಮೂರು ಬೆರಳು. ಉದ್ದ ಕತ್ತಿನ ಸಸ್ಯಾಹಾರಿಗಳದು ಆನೆ ಹೆಜ್ಜೆಯಂತೆ ದುಂಡು. ಒಂದು ಸಾಲು ಹೆಜ್ಜೆ ಹತ್ತಿರ ಹತ್ತಿರ, ಇನ್ನೊಂದು ದೂರ ದೂರ ಒತ್ತಿಸಿ, ‘ಯಾವುದು ಓಡ್ತಿತ್ತು?’ ಎಂದು ಕೇಳಿ. ವಿಜ್ಞಾನಿಗಳು ಡೈನೋಸಾರ್‌ಗಳ ವೇಗ ಅಂದಾಜು ಮಾಡುವುದೂ ಹೆಜ್ಜೆಗಳ ಅಂತರ ನೋಡಿಯೇ. ಫ್ಯಾನಿನ ಕೆಳಗೆ, ಬೆಳಿಗ್ಗೆ ಸಂಜೆ ಮಗುಚುತ್ತ ಎರಡು ದಿನ ಒಣಗಿಸಿ.

ಇನ್ನು ಅಗೆಯುವ ಆಟ. ಪ್ಲಾಸ್ಟರ್ ಇಟ್ಟಿಗೆ ಈ ವಯಸ್ಸಿಗೆ ಬೇಡ, ಅದರ ದೂಳೂ ಉಸಿರಿಗೆ ಒಳ್ಳೆಯದಲ್ಲ. ಬದಲಿಗೆ ಮೊಟ್ಟೆ ಮಾಡಿ. ಒಂದೂವರೆ ಲೋಟ ಸೋಡಕ್ಕೆ ಸುಮಾರು 3 ದೊಡ್ಡ ಚಮಚ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಮುಷ್ಟಿ ಕಟ್ಟಿದರೆ ತಂಬಿಟ್ಟಿನ ಉಂಡೆಯಂತೆ ನಿಲ್ಲಬೇಕು. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಹೆಚ್ಚಾಯಿತು, ಉಂಡೆ ಕುಸಿಯುತ್ತದೆ. ಗೊಂಬೆಯ ಸುತ್ತ ಬಿಗಿಯಾಗಿ ಒತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಕೋಳಿಮೊಟ್ಟೆಯ ಆಕಾರ ಬೇಡ, ಗುಂಡಗೇ ಕಟ್ಟಿ: ನರ್ಮದಾ ಕಣಿವೆಯಲ್ಲಿ ಸಿಕ್ಕಿರುವ ಟೈಟಾನೊಸಾರ್ ಎಂಬ ಉದ್ದ ಕತ್ತಿನ ಡೈನೋಸಾರ್‌ಗಳ ಮೊಟ್ಟೆಗಳು ಗುಂಡಗೆ, ಸುಮಾರು ನಮ್ಮ ದೇವನಹಳ್ಳಿ ಚಕ್ಕೋತದಷ್ಟು.

ಬೆಳಿಗ್ಗೆ ಅರ್ಧ ವಿನೆಗರ್, ಅರ್ಧ ನೀರು ಬೆರೆಸಿ ಡ್ರಾಪರ್ ಕೈಗೆ ಕೊಡಿ. ತೊಟ್ಟು ಬಿದ್ದಲ್ಲೆಲ್ಲ ನೊರೆಯೆದ್ದು ಹೊಂಡವಾಗುತ್ತದೆ, ಮೊದಲು ಒಂದು ಬಾಲ ಕಾಣುತ್ತದೆ. ಕಣ್ಣಿಗೆ ಸಿಡಿಯದಂತೆ, ಸೋಡ ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕುಳಿತಿರಿ. ಮನೆಯಲ್ಲಿ 3 ವರ್ಷದೊಳಗಿನ ಮಗುವಿದ್ದರೆ ನುಂಗಲಾಗದಷ್ಟು ದೊಡ್ಡ ಗೊಂಬೆಯನ್ನೇ ಆರಿಸಿ.

ಪ್ರಶ್ನೆ: ಲಾಲ್‌ಬಾಗ್ ಬಂಡೆಯಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ ಎಂದು ಮೊಮ್ಮಗ ಕೇಳುತ್ತಾನೆ. ಏನು ಹೇಳಲಿ?
– ಒಬ್ಬ ಅಜ್ಜ, ಜಯನಗರ

ಉತ್ತರ: ಸಿಗುವುದಿಲ್ಲ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅದೂ ಅಲ್ಲದೆ ಅದು ನೆಲದಾಳದ ಕಾವಿನಲ್ಲಿ, ಒತ್ತಡದಲ್ಲಿ ಬೆಂದ ಕಲ್ಲು. ಮೂಳೆ ಉಳಿಯುವುದು ಹೆಚ್ಚಾಗಿ ಮರಳು, ಕೆಸರು ಪದರ ಪದರವಾಗಿ ಕೂತು ಕಲ್ಲಾದ ಕಡೆ. ಅವನನ್ನು ಅಲ್ಲಿಗೇ ಕರೆದೊಯ್ದು, ಬಂಡೆಯ ಬಿಳಿ-ಕಪ್ಪು ಪಟ್ಟೆಗಳ ಮೇಲೆ ಬೆರಳಾಡಿಸಲು ಹೇಳಿ.