ಬಾರ್ನಾರ್ಡ್ ನಕ್ಷತ್ರದ ಗ್ರಹಗಳು: ಮಾಸ್ತರರೊಬ್ಬರಿಗೆ ಸಂಪಾದಕರ ಉತ್ತರ

ಶಿರಸಿ ತಾಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕರು ನಮಗೆ ಬರೆದ ಪತ್ರದ ಸಾರ ಹೀಗಿದೆ: "ಬಾರ್ನಾರ್ಡ್ ನಕ್ಷತ್ರಕ್ಕೆ ಗ್ರಹವೊಂದು ಸಿಕ್ಕಿದೆ ಎಂದು 2018ರಲ್ಲಿ ಓದಿ ಮಕ್ಕಳಿಗೆ ಹೇಳಿದೆ, ಅದರ ಚಿತ್ರ ಬರೆಸಿ ಗೋಡೆಗೆ ಹಾಕಿಸಿದೆ. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಗ್ರಹ ಇಲ್ಲ ಎಂದರು. ಈಗ ನಾಲ್ಕು ಗ್ರಹಗಳಿವೆ ಎನ್ನುತ್ತಿದ್ದಾರೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆ ಹಳೆಯ ಚಿತ್ರ ನೋಡಿ, 'ಸರ್, ಈ ಗ್ರಹ ಎಲ್ಲಿ ಹೋಯಿತು?' ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಖಚಿತವಾಗದ ಸುದ್ದಿಯನ್ನು ನಿಮ್ಮಂಥ ಪತ್ರಿಕೆಗಳು ಅಚ್ಚು ಹಾಕಬಾರದು. ಅಂದಹಾಗೆ, ಅಲ್ಲಿ ಜೀವ ಇದ್ದೀತೇ? ಆ ನಕ್ಷತ್ರ ನಮ್ಮೂರಿನಿಂದ ಕಾಣುತ್ತದೆಯೇ?"

ಪ್ರಿಯ ಮಾಸ್ತರರೇ,

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಕಚೇರಿಯಲ್ಲಿ ಎಲ್ಲರಿಗೂ ಹಿಡಿಸಿತು. ನಿಮ್ಮ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಖಚಿತವಾದದ್ದನ್ನಷ್ಟೇ ಅಚ್ಚು ಹಾಕುತ್ತ ಹೋದರೆ ಆ ಹುಡುಗಿಗೆ ಇಂಥ ಪ್ರಶ್ನೆ ಕೇಳುವ ಸಂದರ್ಭವೇ ಒದಗುತ್ತಿರಲಿಲ್ಲ. ಆ ಗ್ರಹ ಎಲ್ಲಿ ಹೋಯಿತು ಎಂಬುದಕ್ಕೆ ಸರಿಯಾದ ಉತ್ತರವೇ ಇದೆ. ಎಂಟನೆಯ ತರಗತಿಯವರು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದಾದಷ್ಟು ಸರಳವೂ ಆಗಿದೆ.

ಮೊದಲು ನಕ್ಷತ್ರದ ವಿಷಯ. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರ ಇರುವುದು ಆಲ್ಫಾ ಸೆಂಟಾರಿಯ ಮೂರು ನಕ್ಷತ್ರಗಳ ಕುಟುಂಬ. ಅದರ ನಂತರದ ಸ್ಥಾನ ಬಾರ್ನಾರ್ಡ್ ನಕ್ಷತ್ರದ್ದು. ದೂರ ಸುಮಾರು 6 ಜ್ಯೋತಿರ್ವರ್ಷ. ಅದೊಂದು ಕೆಂಪು ಕುಬ್ಜ. ಸೂರ್ಯನ ದ್ರವ್ಯರಾಶಿಯ ಆರರಲ್ಲೊಂದು ಪಾಲು, ಮೇಲ್ಮೈಯ ಉಷ್ಣತೆ ಸುಮಾರು 3,200 ಕೆಲ್ವಿನ್, ವಯಸ್ಸಿನಲ್ಲಿ ಸೂರ್ಯನಿಗಿಂತ ಬಹಳ ಹಿರಿದು. 1894ರ ಮತ್ತು 1916ರ ಛಾಯಾಫಲಕಗಳನ್ನು ಹೋಲಿಸಿ ನೋಡಿದ ಅಮೆರಿಕದ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್, ಈ ನಕ್ಷತ್ರ ಆಕಾಶದಲ್ಲಿ ವರ್ಷಕ್ಕೆ ಹತ್ತು ಸೆಕೆಂಡ್ ಕೋನಕ್ಕಿಂತ (ಒಂದು ಡಿಗ್ರಿಯ 3,600ರಲ್ಲೊಂದು ಭಾಗವೇ ಒಂದು ಸೆಕೆಂಡ್) ತುಸು ಹೆಚ್ಚು ಸರಿಯುತ್ತಿದೆ ಎಂದು ಕಂಡುಕೊಂಡರು. ಬೇರಾವ ನಕ್ಷತ್ರಕ್ಕೂ ಇಷ್ಟು ವೇಗದ ಸರಿದಾಟವಿಲ್ಲ. ಚಂದ್ರಬಿಂಬದ ಅಗಲದಷ್ಟು ದೂರ ಸರಿಯಲು ಅದಕ್ಕೆ ಸುಮಾರು 175 ವರ್ಷ ಸಾಕು.

ಹತ್ತಿರದ್ದು, ಹಗುರವಾದದ್ದು, ಬೇಗ ಸರಿಯುವಂಥದ್ದು. ಗ್ರಹ ಹುಡುಕುವವರಿಗೆ ಇದಕ್ಕಿಂತ ಆಸೆ ಹುಟ್ಟಿಸುವ ನಕ್ಷತ್ರ ಇನ್ನೊಂದಿರಲಿಲ್ಲ. ಅದಕ್ಕೇ ಇಲ್ಲಿ ವಿವಾದ 2018ಕ್ಕೂ ಬಹಳ ಹಿಂದೆಯೇ ಶುರುವಾಗಿದೆ. ಪೆನ್ಸಿಲ್ವೇನಿಯದ ಸ್ಪ್ರೌಲ್ ವೀಕ್ಷಣಾಲಯದಲ್ಲಿ ಪೀಟರ್ ವಾನ್ ಡಿ ಕಾಂಪ್ ಎಂಬ ಡಚ್ ಮೂಲದ ವಿಜ್ಞಾನಿ 1938ರಿಂದ ವರ್ಷವರ್ಷವೂ ಈ ನಕ್ಷತ್ರದ ಛಾಯಾಫಲಕಗಳನ್ನು ತೆಗೆಯುತ್ತ ಬಂದರು. ನಕ್ಷತ್ರ ನೇರ ಗೆರೆಯಲ್ಲಿ ಸರಿಯದೆ ಅತ್ತಿತ್ತ ಸ್ವಲ್ಪ ಓಲಾಡುತ್ತಿದೆ, ಗುರುಗ್ರಹದ ಒಂದೂವರೆ ಪಟ್ಟಿಗಿಂತ ಹೆಚ್ಚು ತೂಕದ ಗ್ರಹವೊಂದು ಅದನ್ನು 24 ವರ್ಷಕ್ಕೊಮ್ಮೆ ಸುತ್ತುತ್ತಿದೆ ಎಂದು 1963ರಲ್ಲಿ ಘೋಷಿಸಿದರು. ಫಲಕದ ಮೇಲೆ ಆ ಓಲಾಟದ ಅಳತೆ ಎಷ್ಟು ಗೊತ್ತೇ? ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. 1969ರಲ್ಲಿ ಅದು ಒಂದಲ್ಲ, ಎರಡು ಗ್ರಹಗಳ ಕೆಲಸ ಎಂದು ತಿದ್ದಿದರು. ಜಗತ್ತು ನಂಬಿತು.

1973ರಲ್ಲಿ ಎರಡು ಪೆಟ್ಟು ಬಿದ್ದವು. ಜಾರ್ಜ್ ಗೇಟ್‌ವುಡ್ ಮತ್ತು ಹೈನ್ರಿಶ್ ಐಕ್‌ಹಾರ್ನ್ ಬೇರೆ ದೂರದರ್ಶಕಗಳ ಫಲಕಗಳನ್ನು ಅಳೆದು, ಓಲಾಟ ಕಾಣಲಿಲ್ಲ ಎಂದರು. ಅದೇ ವರ್ಷ ಜಾನ್ ಹರ್ಷಿ ಎಂಬವರು ಸ್ಪ್ರೌಲ್‌ನದೇ ಫಲಕಗಳಲ್ಲಿ ಬೇರೆ ನಕ್ಷತ್ರಗಳನ್ನು ಅಳೆದರು. ಅವೂ ಅದೇ ವರ್ಷಗಳಲ್ಲಿ ಪಕ್ಕಕ್ಕೆ ಜಿಗಿದಿದ್ದವು! ಆ ವರ್ಷಗಳು ದೂರದರ್ಶಕದ ಮಸೂರವನ್ನು ಕಳಚಿ ಹೊಸ ಚೌಕಟ್ಟಿಗೆ ಕೂರಿಸಿದ, ಮತ್ತೆ ಸರಿಪಡಿಸಿದ ವರ್ಷಗಳಾಗಿದ್ದವು. ಓಲಾಡಿದ್ದು ಮಸೂರ. ವಾನ್ ಡಿ ಕಾಂಪ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರು ತೀರಿಕೊಂಡದ್ದು 1995ರ ಮೇ ತಿಂಗಳಲ್ಲಿ. ಸೂರ್ಯನಂಥದ್ದೇ ನಕ್ಷತ್ರವೊಂದನ್ನು ಸುತ್ತುವ ಮೊದಲ ಗ್ರಹವನ್ನು ಮಿಶೆಲ್ ಮೇಯರ್ ಮತ್ತು ಡಿಡಿಯೆರ್ ಕ್ವೆಲೋಜ್ ಪ್ರಕಟಿಸಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ದಶಕಗಳ ಕಾಲ ಒಂದೇ ನಕ್ಷತ್ರದ ಬೆನ್ನು ಬಿಡದ ಆ ಮನುಷ್ಯನ ಬಗ್ಗೆ ಓದುವಾಗಲೆಲ್ಲ ನನಗೆ ಗೌರವವೇ ಹೆಚ್ಚುತ್ತದೆ. ಮಕ್ಕಳ ಮುಂದೆ ಅವರನ್ನು ನಗೆಪಾಟಲು ಮಾಡದಿರಿ ಎಂದು ಕೇಳಿಕೊಳ್ಳುತ್ತೇನೆ.

ಈಗ ನಿಮ್ಮ ಗೋಡೆಯ ಮೇಲಿರುವ ಗ್ರಹ. ಇಂದು ಹುಡುಕುವ ವಿಧಾನ ಬೇರೆ. ಗ್ರಹ ಸುತ್ತುವಾಗ ನಕ್ಷತ್ರವೂ ಚೂರು ನಮ್ಮತ್ತ, ಚೂರು ಆಚೆಗೆ ಚಲಿಸುತ್ತದೆ. ಅದಕ್ಕೆ ತಕ್ಕಂತೆ ಅದರ ಬೆಳಕಿನ ರೋಹಿತದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನ ಪಟ್ಟಿಯ, ಗೆರೆಗಳು ನೀಲಿಯ ಕಡೆಗೋ ಕೆಂಪಿನ ಕಡೆಗೋ ಸರಿಯುತ್ತವೆ. ನೀವು ಪಾಠ ಮಾಡುವ ಡಾಪ್ಲರ್ ಪರಿಣಾಮವೇ ಇದು. 2018ರ ನವೆಂಬರಿನಲ್ಲಿ ಇಗ್ನಾಸಿ ರಿಬಾಸ್ ಅವರ ತಂಡ, ಇಪ್ಪತ್ತು ವರ್ಷಗಳಲ್ಲಿ ಬೇರೆ ಬೇರೆ ಉಪಕರಣಗಳು ಮಾಡಿದ 771 ಅಳತೆಗಳನ್ನು ಒಟ್ಟುಗೂಡಿಸಿ, 233 ದಿನಕ್ಕೊಮ್ಮೆ ಮರುಕಳಿಸುವ ಚಲನೆಯೊಂದನ್ನು ತೋರಿಸಿತು. ಭೂಮಿಯ ಕನಿಷ್ಠ 3.2 ಪಟ್ಟು ದ್ರವ್ಯರಾಶಿಯ ತಣ್ಣನೆಯ ಗ್ರಹ ಎಂದು ಅಂದಾಜು ಮಾಡಿತು. ಅವರು ಬಳಸಿದ ಪದ "ಸಂಭಾವ್ಯ ಗ್ರಹ". ಟಿವಿ ವಾಹಿನಿಗಳು "ಸಂಭಾವ್ಯ"ವನ್ನು ಕೈಬಿಟ್ಟು "ಇನ್ನೊಂದು ಭೂಮಿ ಪತ್ತೆ" ಎಂದು ಕೂಗಿದ್ದರೆ, ಮಾಸ್ತರರೇ, ನಿಮ್ಮ ಸಿಟ್ಟು ಆ ಕಡೆಗೆ ತಿರುಗಲಿ.

2021ರಲ್ಲಿ ಜಾಕ್ ಲೂಬಿನ್ ಮತ್ತು ಸಂಗಡಿಗರು ಹಳೆಯ ಅಳತೆಗಳ ಜೊತೆ ಟೆಕ್ಸಾಸ್‌ನ ದೂರದರ್ಶಕವೊಂದಕ್ಕೆ ಜೋಡಿಸಿದ ಹೊಸ ರೋಹಿತದರ್ಶಕದ ಅಳತೆಗಳನ್ನೂ ಇಟ್ಟು ನೋಡಿದರು. 233 ದಿನಗಳ ಲಯ ಕೆಲವು ವರ್ಷಗಳ ಅಳತೆಗಳಲ್ಲಷ್ಟೇ ಎದ್ದು ಕಾಣುತ್ತಿತ್ತು, ಉಳಿದವುಗಳಲ್ಲಿ ಇರಲಿಲ್ಲ. ನಿಜವಾದ ಗ್ರಹ ಹಾಗೆ ಬಂದು ಹೋಗುವುದಿಲ್ಲ. ಹಾಗಾದರೆ ಆ 233 ಬಂದದ್ದೆಲ್ಲಿಂದ? ಇದನ್ನು ವಿವರಿಸಲು ನಮ್ಮ ಕಾರವಾರದ ಕಡಲೇ ಸಾಕು. ಒಬ್ಬರು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಏಳು ಗಂಟೆಗೆ, ಇಲ್ಲಿನ ತೀರಕ್ಕೆ ಬಂದು ನೀರಿನ ಮಟ್ಟ ಬರೆದಿಡುತ್ತಾರೆ ಎನ್ನಿ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಏಳಕ್ಕೆ ಉಬ್ಬರ ಇದ್ದರೆ ವಾರ ಕಳೆದು ಅದೇ ಏಳಕ್ಕೆ ಇಳಿತ, ಹದಿನೈದು ದಿನಕ್ಕೆ ಮತ್ತೆ ಉಬ್ಬರ. ಅವರ ಪುಸ್ತಕವನ್ನಷ್ಟೇ ಓದಿದವರು ಸಮುದ್ರ ಹದಿನೈದು ದಿನಕ್ಕೊಮ್ಮೆ ಏರಿ ಇಳಿಯುತ್ತದೆ ಎಂದೇ ತಿಳಿದಾರು. ನಿಜವಾದ ಅವಧಿ 12 ಗಂಟೆ 25 ನಿಮಿಷ. ಬರೆದವರು ಸುಳ್ಳು ಬರೆದಿಲ್ಲ. ಸಮುದ್ರದ ಲಯದೊಳಗೆ ಅವರು ಬಂದು ಹೋಗುವ ಲಯವೂ ಸೇರಿಕೊಂಡಿದೆ, ಅಷ್ಟೇ.

ಬಾರ್ನಾರ್ಡ್ ನಕ್ಷತ್ರದಲ್ಲೂ ಇದೇ ಆಯಿತು. ನಕ್ಷತ್ರ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ಸುಮಾರು 145 ದಿನ ಬೇಕು. ಅದರ ಮೈಮೇಲಿನ ಕಲೆಗಳು ಜೊತೆಗೇ ತಿರುಗುತ್ತ ರೋಹಿತದ ಗೆರೆಗಳನ್ನು ಚೂರು ವಿಕಾರಗೊಳಿಸುತ್ತವೆ. ಅದು ಗ್ರಹದ ಎಳೆತದಂತೆಯೇ ಕಾಣುತ್ತದೆ. ಇತ್ತ ಪ್ರತಿ ಡಿಸೆಂಬರಿನಲ್ಲೂ ಆ ನಕ್ಷತ್ರ ಸೂರ್ಯನ ದಿಕ್ಕಿಗೆ ಬರುವುದರಿಂದ ವೀಕ್ಷಣೆಗೆ ವರ್ಷಕ್ಕೊಮ್ಮೆ ತೆರಪು ಬೀಳುತ್ತದೆ. ಈ ಎರಡು ಲಯ ಬೆರೆತರೆ ಏನಾಗುತ್ತದೆ ಎಂಬುದನ್ನು ಮಕ್ಕಳಿಂದಲೇ ಮಾಡಿಸಿ. 365ನ್ನು 233ರಿಂದ ಭಾಗಿಸಿದರೆ ಸುಮಾರು 1.57. ಅಂದರೆ ಆ "ಗ್ರಹ" ವರ್ಷಕ್ಕೆ 1.57 ಸುತ್ತು. ಅದಕ್ಕೆ ವೀಕ್ಷಣೆಯ ವಾರ್ಷಿಕ ಲಯದ 1 ಸೇರಿಸಿ, 2.57. ಈಗ 365ನ್ನು 2.57ರಿಂದ ಭಾಗಿಸಿ. 142 ಬರುತ್ತದೆ. ನಕ್ಷತ್ರದ ಆವರ್ತನೆಗೆ ಎಷ್ಟು ಹತ್ತಿರ, ನೋಡಿ! ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದೇ: ಗ್ರಹ ಎಲ್ಲಿಗೂ ಹೋಗಿಲ್ಲ, ನಕ್ಷತ್ರದ ಕಲೆಗಳೂ ನಮ್ಮ ವಾರ್ಷಿಕ ರಜೆಯೂ ಕೂಡಿ ಅದರ ರೂಪ ತಾಳಿದ್ದವು.

ಇನ್ನು ನಾಲ್ಕು ಗ್ರಹಗಳು. 2024ರ ಅಕ್ಟೋಬರಿನಲ್ಲಿ ಸ್ಪೇನಿನ ಕ್ಯಾನರಿ ದ್ವೀಪಗಳ ಖಭೌತ ಸಂಸ್ಥೆಯ ಗೊನ್ಸಾಲೆಸ್ ಎರ್ನಾಂಡೆಸ್ ಅವರ ತಂಡ, ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪಿನ ಎಸ್ಪ್ರೆಸೊ ಉಪಕರಣದಿಂದ, 3.15 ದಿನಕ್ಕೊಮ್ಮೆ ಸುತ್ತುವ ಒಂದು ಗ್ರಹವನ್ನು ಪ್ರಕಟಿಸಿತು. ಇನ್ನೂ ಮೂರರ ಸುಳಿವಿದೆ, ಖಚಿತವಿಲ್ಲ ಎಂದೂ, 233 ದಿನಗಳ ಗ್ರಹ ತಮಗೆ ಕಾಣಲಿಲ್ಲ ಎಂದೂ ಅದು ಹೇಳಿತು. 2025ರ ಮಾರ್ಚಿನಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಋತ್ವಿಕ್ ಬಸಂತ್ ಮೊದಲ ಲೇಖಕರಾಗಿದ್ದ ಪ್ರಬಂಧ ಹೊರಬಂತು. ಇವರ ಉಪಕರಣ ಮರೂನ್-ಎಕ್ಸ್, ದೂರದರ್ಶಕ ಹವಾಯಿಯ ಜೆಮಿನಿ ನಾರ್ತ್. ಮೂರು ವರ್ಷಗಳಲ್ಲಿ ಹರಡಿದ 112 ರಾತ್ರಿಗಳ ಅಳತೆ. ಅದರಲ್ಲಿ 2.34, 3.15 ಮತ್ತು 4.12 ದಿನಗಳ ಮೂರು ಗ್ರಹಗಳು ಸ್ವತಂತ್ರವಾಗಿಯೇ ಕಂಡವು. ಎಸ್ಪ್ರೆಸೊ ಅಳತೆಗಳನ್ನೂ ಸೇರಿಸಿದಾಗ 6.74 ದಿನಗಳ ನಾಲ್ಕನೆಯದೂ ಗಟ್ಟಿಯಾಯಿತು. ಎಲ್ಲವೂ ಭೂಮಿಗಿಂತ ಹಗುರ. ಕನಿಷ್ಠ ದ್ರವ್ಯರಾಶಿ ಭೂಮಿಯ ಶೇಕಡಾ 19ರಿಂದ 34ರವರೆಗೆ. "ಕನಿಷ್ಠ" ಎನ್ನುವುದನ್ನು ಪಾಠದಲ್ಲಿ ಬಿಡಬೇಡಿ. ಕಕ್ಷೆಯ ಓರೆ ಗೊತ್ತಿಲ್ಲದಿದ್ದರೆ ಈ ವಿಧಾನ ಅಷ್ಟನ್ನೇ ಹೇಳಬಲ್ಲದು, ಮತ್ತು ಈ ಗ್ರಹಗಳು ನಕ್ಷತ್ರದ ಮುಂದೆ ಹಾದುಹೋಗುವುದು ಕಂಡಿಲ್ಲ.

ನಾಲ್ಕನೆಯ ಗ್ರಹ ತನ್ನ ನಕ್ಷತ್ರವನ್ನು ಎಳೆದಾಡುವ ವೇಗ ಸೆಕೆಂಡಿಗೆ ಕೇವಲ 22 ಸೆಂಟಿಮೀಟರ್. ಆ ನಕ್ಷತ್ರವೋ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ. 6 ಜ್ಯೋತಿರ್ವರ್ಷ ಆಚೆ, ಅಷ್ಟು ವೇಗದ ನಡುವೆ ಇಷ್ಟು ಸಣ್ಣ ಏರಿಳಿತವನ್ನು ಹೆಕ್ಕಿ ತೆಗೆದಿದ್ದಾರೆ. ಇದನ್ನು ನಂಬಲು ನನಗಿರುವ ದೊಡ್ಡ ಆಧಾರ ಒಂದೇ: ಎರಡು ತಂಡ, ಎರಡು ಉಪಕರಣ, ಒಂದು ದಕ್ಷಿಣ ಗೋಳಾರ್ಧದಲ್ಲಿ, ಇನ್ನೊಂದು ಉತ್ತರದಲ್ಲಿ; ಸಿಕ್ಕಿದ ಲಯ ಅದೇ. 1963ರಲ್ಲಿ ಇಲ್ಲದಿದ್ದದ್ದು ಈ ಎರಡನೆಯ ಸಾಕ್ಷಿ.

ಜೀವ? ಇಲ್ಲ ಎಂದೇ ಹೇಳಬೇಕು. ನಾಲ್ಕೂ ನಕ್ಷತ್ರಕ್ಕೆ ಅಂಟಿಕೊಂಡಂತಿವೆ. 3.15 ದಿನಗಳ ಗ್ರಹದ ಮೇಲ್ಮೈ ಉಷ್ಣತೆಯ ಅಂದಾಜೇ ಸುಮಾರು 125 ಡಿಗ್ರಿ ಸೆಲ್ಸಿಯಸ್. ನೀರು ದ್ರವವಾಗಿ ಉಳಿಯಬಹುದಾದ ದೂರದಲ್ಲಿ ಭೂಮಿಯಷ್ಟು ತೂಕದ ಗ್ರಹ ಇದ್ದಿದ್ದರೆ ಈ ಅಳತೆಗಳಲ್ಲಿ ಸಿಕ್ಕಿಬೀಳುತ್ತಿತ್ತು.

ಇಂಥ ಕತೆ ಈ ಒಂದೇ ನಕ್ಷತ್ರದ್ದಲ್ಲ. ಇನ್ನೂ ಹತ್ತಿರದ ಕೆಂಪು ಕುಬ್ಜ ಪ್ರಾಕ್ಸಿಮಾ ಸೆಂಟಾರಿಯ ಸುತ್ತ 2016ರಲ್ಲಿ ಪ್ರಕಟವಾದ 11.2 ದಿನಗಳ ಗ್ರಹ ಗಟ್ಟಿಯಾಗಿ ನಿಂತಿದೆ, 2022ರ 5.1 ದಿನಗಳ ಸಣ್ಣ ಗ್ರಹಕ್ಕೂ ಬೇರೆ ಉಪಕರಣದ ಬೆಂಬಲ ಸಿಕ್ಕಿದೆ. ಐದು ವರ್ಷಕ್ಕೊಮ್ಮೆ ಸುತ್ತುತ್ತದೆ ಎಂದು 2020ರಲ್ಲಿ ಹೇಳಲಾದ ಗ್ರಹ ಮಾತ್ರ ಇನ್ನೂ ವಿವಾದದಲ್ಲೇ ಇದೆ. ಇಂಥವುಗಳನ್ನು ನಾವು ಮುಂದೆಯೂ ಅಚ್ಚು ಹಾಕುತ್ತೇವೆ: ಯಾರು, ಯಾವ ವರ್ಷ, ಯಾವ ಉಪಕರಣ, ಬೇರೆಯವರು ಪರೀಕ್ಷಿಸಿದ್ದಾರೆಯೇ ಎಂಬುದರ ಸಮೇತ. ನೀವೂ ಗೋಡೆಯ ಚಿತ್ರವನ್ನು ಕಿತ್ತು ಹಾಕಬೇಡಿ. ಪಕ್ಕದಲ್ಲಿ 2021 ಎಂದು ಬರೆದು ಆ ಭಾಗಾಕಾರವನ್ನು ಅಂಟಿಸಿ, ಅದರ ಕೆಳಗೆ ಹೊಸ ನಾಲ್ಕನ್ನು ಬರೆಸಿ.

ಕೊನೆಗೆ, ನಿಮ್ಮೂರಿನಿಂದ ಕಾಣುತ್ತದೆಯೇ ಎಂಬ ಪ್ರಶ್ನೆ. ಬರಿಗಣ್ಣಿಗೆ ಕಾಣದು, ಅದರ ಕಾಂತಿಮಾನ 9.5 (ಈ ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು). ಮೂರು ನಾಲ್ಕು ಇಂಚಿನ ದೂರದರ್ಶಕ ಇದ್ದರೆ ಚೆನ್ನಾಗಿಯೇ ಕಾಣುತ್ತದೆ. ಅದಿರುವುದು ಉರಗಧರ ನಕ್ಷತ್ರಪುಂಜದಲ್ಲಿ. ಜೂನ್ ಕೊನೆಯ ನಡುರಾತ್ರಿಗಳಲ್ಲಿ ನಮ್ಮ ಜಿಲ್ಲೆಯವರ ನೆತ್ತಿಯ ಸಮೀಪವೇ ಇರುತ್ತದೆ, ಆದರೆ ಆಗ ಘಟ್ಟದ ಮೇಲೂ ಕೆಳಗೂ ಆಕಾಶವೇ ಇರುವುದಿಲ್ಲ. ಹಾಗಾಗಿ ಮಳೆ ಬಿಟ್ಟ ಮೇಲೆ, ದೀಪಾವಳಿ ಅಮಾವಾಸ್ಯೆಯ ಆಸುಪಾಸು, ಸಂಜೆ ಏಳರ ಹೊತ್ತಿಗೆ ಪಶ್ಚಿಮಕ್ಕೆ ತಿರುಗಿ. ಉರಗಧರದ ಬೀಟಾ ನಕ್ಷತ್ರವನ್ನು ಹಿಡಿದು ಪೂರ್ವಕ್ಕೆ ನಾಲ್ಕು ಡಿಗ್ರಿಯಷ್ಟು ಸಾಗಿದರೆ 66 ಎಂಬ ಸಂಖ್ಯೆಯ ಮಂಕು ನಕ್ಷತ್ರ ಸಿಗುತ್ತದೆ. ಅದರಿಂದ ವಾಯವ್ಯಕ್ಕೆ ಒಂದು ಡಿಗ್ರಿಗೂ ಕಡಿಮೆ ದೂರದಲ್ಲಿ ನಮ್ಮ ಕೆಂಪು ಕುಬ್ಜ. ಕೈಯಲ್ಲಿ ನಕ್ಷೆ ಇರಲಿ. ಅದರ ಸುತ್ತ ಅಷ್ಟೇ ಮಂಕಾದ ಬೇರೆ ನಕ್ಷತ್ರಗಳೂ ಇವೆ.

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಲು ಸಾಧ್ಯವಾದರೆ ಒಂದು ಚಿತ್ರ ತೆಗೆದಿಡಿ. ಮುಂದಿನ ದೀಪಾವಳಿಗೆ ಅದೇ ಜಾಗದ ಇನ್ನೊಂದು ಚಿತ್ರ ತೆಗೆದು ಹೋಲಿಸಿ. ಒಂದು ಮೀಟರ್ ಸಂಗಮದೂರದ ದೂರದರ್ಶಕವಾದರೆ ನಕ್ಷತ್ರ ಕ್ಯಾಮೆರಾದ ಸಂವೇದಕದ ಮೇಲೆ ಉತ್ತರಕ್ಕೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗ ಸರಿದಿರುತ್ತದೆ. ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿ ಅಳೆಯಲು ಅಷ್ಟು ಸಾಕು. ಎರಡೂ ಚಿತ್ರಗಳನ್ನು, ತೆಗೆದ ದಿನಾಂಕ ಮತ್ತು ವೇಳೆಯೊಡನೆ, ನಮಗೆ ಕಳುಹಿಸಿ. ಅಳೆದ ಮಕ್ಕಳ ಲೆಕ್ಕದ ಹಾಳೆಯೂ ಜೊತೆಗಿರಲಿ, ಪ್ರಕಟಿಸುತ್ತೇವೆ.

— ಸಂಪಾದಕ, ಕಾರವಾರ