ಎದೆ ಬಡಿಯುತ್ತಿರುವವನನ್ನು ಸತ್ತನೆಂದು ಒಪ್ಪುವುದು ಹೇಗೆ?

ಸಿಂಧನೂರಿನ ಹತ್ತಿರ ಅಪಘಾತಕ್ಕೆ ಸಿಕ್ಕ ನಿಮ್ಮ ಸೋದರತ್ತೆಯ ಮಗನಿಗೆ ‘ಬ್ರೈನ್ ಡೆಡ್’ ಆಗಿದೆ, ಅಂದರೆ ಮೆದುಳು ಸತ್ತಿದೆಯೆಂದು ವೈದ್ಯರು ಹೇಳಿದರೂ ಮನೆಯವರು ಒಪ್ಪಲಿಲ್ಲ, ಕೈಯಿಂದ ಒತ್ತುವ ಗಾಳಿಚೀಲದೊಂದಿಗೆ ಅವನನ್ನು ಊರಿಗೇ ಕರೆತಂದರು ಎಂದು ಬರೆದಿದ್ದೀರಿ. ಎದೆ ಬಡಿಯುತ್ತಿದ್ದವನನ್ನು ಸತ್ತವನೆನ್ನುವುದು ಹೇಗೆ, ಮನೆಯವರು ಒಪ್ಪದೆ ಇದ್ದದ್ದು ತಪ್ಪೇ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ, ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು. ಆದರೆ 2019ರಲ್ಲಿ ನನ್ನ ತಮ್ಮನ ವಿಷಯದಲ್ಲಿ ಇದೇ ಮಾತು ಬಂದಾಗ, ಒಪ್ಪುವುದಿಲ್ಲವೆಂದು ಎಲ್ಲರಿಗಿಂತ ಮೊದಲು ಹೇಳಿದವನು ನಾನು. ಆ ಅನುಭವದಿಂದಲೂ, ಅನಂತರ ಓದಿ ತಿಳಿದುಕೊಂಡದ್ದರಿಂದಲೂ ಉತ್ತರಿಸುತ್ತಿದ್ದೇನೆ.

ಕಂಪ್ಲಿ ರಸ್ತೆಯಲ್ಲಿ ಭತ್ತ ತುಂಬಿಕೊಂಡು ಕೆಟ್ಟು ನಿಂತಿದ್ದ, ಹಿಂದೆ ದೀಪವಿಲ್ಲದ ಟ್ರಾಲಿಗೆ ತಮ್ಮನ ಬೈಕು ರಾತ್ರಿ ಹೊತ್ತು ಗುದ್ದಿತು. ಹೆಲ್ಮೆಟ್ ಮನೆಯ ಗೂಟದಲ್ಲಿತ್ತು. ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಮೂರನೆಯ ದಿನ ಒಬ್ಬ ವೈದ್ಯರು ಓಡಾಡುವ ದಾರಿಯಲ್ಲಿಯೇ ನಿಂತು, “ಬ್ರೈನ್ ಡೆಡ್ ಆಗಿದೆ, ನೀವು ಒಂದು ನಿರ್ಧಾರಕ್ಕೆ ಬನ್ನಿ” ಎಂದರು. ಸತ್ತಿದ್ದಾನೆ ಎಂದಾದರೆ ನಾವು ನಿರ್ಧರಿಸುವುದೇನು ಉಳಿದಿದೆ, ನಿರ್ಧರಿಸುವುದಿದೆ ಎಂದಾದರೆ ಅವನು ಸತ್ತಿಲ್ಲವಲ್ಲ ಎಂದು ನನಗೆ ಅನ್ನಿಸಿತು. ನಮ್ಮ ನಿರಾಕರಣೆಯೆಲ್ಲ ಆ ಒಂದು ವಾಕ್ಯದಿಂದ ಹುಟ್ಟಿತೆಂದು ಈಗಲೂ ನಂಬಿದ್ದೇನೆ.

ಅದಕ್ಕೆ ನನ್ನ ಪಾಠದ ಪುಸ್ತಕವೂ ನೆರವಾಯಿತು. ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ಆಬ್ಲಾಂಗೇಟಾ ಉಸಿರಾಟವನ್ನೂ ಹೃದಯದ ಬಡಿತವನ್ನೂ ನಿಯಂತ್ರಿಸುತ್ತದೆ ಎಂದು ವರ್ಷವರ್ಷವೂ ಮಕ್ಕಳಿಗೆ ಬರೆಸಿದವನು ನಾನು. ಅದೇ ವಾಕ್ಯವನ್ನು ಹಿಡಿದು, ಮೆಡುಲ್ಲಾ ಸತ್ತಿದ್ದರೆ ಹೃದಯ ಹೇಗೆ ಬಡಿಯುತ್ತದೆ ಎಂದು ವೈದ್ಯರೊಡನೆ ವಾದಕ್ಕಿಳಿದೆ. ವಾಕ್ಯ ಸುಳ್ಳಲ್ಲ, ಅರ್ಧ ಮಾತ್ರ. ಮೆದುಳು ಹೃದಯದ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ, ಆದರೆ ಬಡಿತವನ್ನು ಹುಟ್ಟಿಸುವುದು ಹೃದಯದ ಗೋಡೆಯಲ್ಲಿಯೇ ಇರುವ ಜೀವಕೋಶಗಳ ಒಂದು ಗಂಟು. ಆಮ್ಲಜನಕ ಸಿಗುವ ತನಕ ಅದು ತನ್ನಷ್ಟಕ್ಕೆ ಬಡಿಯುತ್ತದೆ. ಉಸಿರಾಟಕ್ಕೆ ಅಂಥ ಸ್ವಂತ ಗಂಟು ಇಲ್ಲ. ಪ್ರತಿ ಉಸಿರಿಗೂ ಅಪ್ಪಣೆ ಬರಬೇಕಾದದ್ದು ಮೆದುಳಿನ ಕಾಂಡದಿಂದ, ಅಂದರೆ ಮೆಡುಲ್ಲಾ ಸೇರಿದ ಮೆದುಳಿನ ಬುಡದ ಭಾಗದಿಂದ. ಕಾಂಡ ನಾಶವಾದ ಮೇಲೆ ಉಸಿರಿನ ಯಂತ್ರ (ವೆಂಟಿಲೇಟರ್) ಗಾಳಿ ತುಂಬುತ್ತದೆ, ಆ ಗಾಳಿಯಿಂದ ಹೃದಯ ನಡೆಯುತ್ತದೆ, ಮೈ ಬೆಚ್ಚಗಿರುತ್ತದೆ, ಮೂತ್ರವೂ ಆಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಇದು ಕೆಲವು ದಿನಗಳಷ್ಟೇ. ಹಾಸಿಗೆಯ ಬಟ್ಟೆ ಬದಲಿಸುವಾಗ ತಮ್ಮನ ಬೆರಳುಗಳು ಅಲುಗಿದ್ದನ್ನೂ ನಾನು ಕಂಡಿದ್ದೇನೆ. ಅದು ಬೆನ್ನುಹುರಿಯ ಪ್ರತಿವರ್ತನೆ, ಅದಕ್ಕೆ ಮೆದುಳು ಬೇಕಿಲ್ಲ. ಇದನ್ನೂ ನಾನೇ ಪಾಠ ಮಾಡುತ್ತಿದ್ದೆ, ಆ ಹೊತ್ತಿಗೆ ಅದು ನೆನಪಾಗಲಿಲ್ಲ.

ನಮ್ಮ ಅವ್ವನ ವಾದ ಬೇರೆಯಿತ್ತು, ಅದು ನನ್ನದಕ್ಕಿಂತ ಗಟ್ಟಿಯಾದದ್ದು. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಒಬ್ಬರಿಗೆ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದಾಗ ಕಟ್ಟುಹಾವು ಕಚ್ಚಿತ್ತು. ಕಣ್ಣೆವೆ ಎತ್ತಲಾರದೆ, ಉಸಿರಾಡಲಾರದೆ ದಿನಗಟ್ಟಲೆ ಯಂತ್ರದ ಮೇಲೆ ಮಲಗಿದ್ದರು. ಮುಗಿಯಿತೆಂದು ಬಂಧುಗಳೆಲ್ಲ ಸೇರಿದ್ದರು. ಅವರು ಎದ್ದು ಮನೆಗೆ ಬಂದರು. “ಅವ್ನೂ ಹಿಂಗ ಮಕ್ಕೊಂಡಿದ್ನಲ್ಲ, ಕಣ್ಣು ಬಿಡ್ಲಿಲ್ಲೇನು? ತಡೀರಿ, ಇವ್ನೂ ಬಿಡ್ತಾನ” ಎಂದಳು ಅವ್ವ. ತುಂಗಭದ್ರೆಯ ಕಾಲುವೆಯ ನೀರಿನ ಊರುಗಳಲ್ಲಿ ಇಂಥ ಒಂದು ಕಥೆಯಿಲ್ಲದ ಓಣಿಯಿಲ್ಲ. ಈ ಕಥೆಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರ ಬಗ್ಗೆ ನನಗೆ ಬೇಸರವಿದೆ, ಏಕೆಂದರೆ ಅವು ನಿಜವಾಗಿ ನಡೆದವು. ಕಟ್ಟುಹಾವಿನ ವಿಷ ನರವು ಸ್ನಾಯುವನ್ನು ಮುಟ್ಟುವ ಜಾಗದಲ್ಲಿ ತಡೆ ಹಾಕುತ್ತದೆ. ಆಗ ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗದೆ ಇರಬಹುದು, ಒಂದು ಬೆರಳೂ ಅಲುಗದೆ ಇರಬಹುದು, ಆದರೆ ಒಳಗೆ ಮೆದುಳು ನೆಟ್ಟಗಿರುತ್ತದೆ, ವಿಷ ಇಳಿದ ಮೇಲೆ ಮನುಷ್ಯ ಎದ್ದು ಕೂರುತ್ತಾನೆ. ಬೆಳೆಗೆ ಹೊಡೆಯುವ ಕೆಲವು ಕೀಟನಾಶಕಗಳ ವಿಷ ಏರಿದವರಲ್ಲೂ ಇಂಥದೇ ಸ್ಥಿತಿ ಕಾಣಿಸಬಹುದು. ಈ ಕಾರಣದಿಂದಲೇ ಮೆದುಳಿನ ಕಾಂಡದ ಸಾವನ್ನು ಪರೀಕ್ಷಿಸುವ ಮೊದಲು, ಪೆಟ್ಟು ಯಾವುದು, ಅದು ವಾಸಿಯಾಗದ ಪೆಟ್ಟೇ ಎಂಬುದು ಖಚಿತವಾಗಿರಬೇಕು. ವಿಷ, ಮತ್ತಿನ ಔಷಧ, ಮೈ ತಣ್ಣಗಾಗಿರುವುದು, ರಕ್ತದ ಲವಣಾಂಶ ಏರುಪೇರಾಗಿರುವುದು ಇವು ಯಾವುವೂ ಕಾರಣವಲ್ಲವೆಂದು ತೀರ್ಮಾನವಾಗಿರಬೇಕು. ಹಾವು ಕಚ್ಚಿದವರ ಮನೆಯವರು ತಡೆಯಿರಿ ಎಂದರೆ ಅವರದು ಸರಿ. ತಲೆಬುರುಡೆ ಒಡೆದು, ಒಳಗೆ ಬಾವು ಏರಿ, ಮೆದುಳಿಗೆ ರಕ್ತವೇ ಹೋಗದಂತಾದ ನನ್ನ ತಮ್ಮನ ವಿಷಯದಲ್ಲಿ ಹಾಗೆ ಹೇಳಿದ ನಾವು ಸರಿಯಿರಲಿಲ್ಲ. ಎರಡಕ್ಕೂ ಇರುವ ಈ ವ್ಯತ್ಯಾಸವನ್ನು ಮೂರು ದಿನಗಳಲ್ಲಿ ಯಾರಾದರೂ ಅವ್ವನ ಪಕ್ಕ ಕುಳಿತು ಹೇಳಿದ್ದರೆ ಅವಳಿಗೆ ತಿಳಿಯದೆ ಇರುತ್ತಿರಲಿಲ್ಲ.

ಕೊನೆಗೆ ಹೇಳಿದವರು ಒಬ್ಬ ಅರಿವಳಿಕೆ ವೈದ್ಯೆ. ಕಾಂಡದ ಸಾವನ್ನು ಖಚಿತಪಡಿಸಿಕೊಳ್ಳಲು ಎರಡು ಸಲ ಪರೀಕ್ಷೆ ಮಾಡುತ್ತಾರೆ, ಎರಡನೆಯ ಪರೀಕ್ಷೆಯ ಹೊತ್ತಿಗೆ ಮನೆಯವರಲ್ಲಿ ಒಬ್ಬರು ಬಂದು ನಿಲ್ಲಿರೆಂದು ಅವರೇ ಕರೆದರು. ಕಣ್ಣಿಗೆ ಬೆಳಕು ಬಿಟ್ಟರು, ಕಣ್ಣಿನ ಕರಿಗುಡ್ಡೆಯ ಮೇಲೆ ಹತ್ತಿಯ ಎಳೆ ಆಡಿಸಿದರು, ಕಿವಿಯೊಳಗೆ ಮಂಜಿನಷ್ಟು ತಣ್ಣನೆಯ ನೀರು ಬಿಟ್ಟು ಕಣ್ಣು ಹೊರಳುವುದೇ ಎಂದು ನೋಡಿದರು, ಗಂಟಲಿಗೆ ನಳಿಕೆ ತಾಗಿಸಿ ಕೆಮ್ಮು ಬರುವುದೇ ಎಂದು ನೋಡಿದರು. ಅನಂತರ, ಮೊದಲೇ ಶುದ್ಧ ಆಮ್ಲಜನಕ ತುಂಬಿ, ವೆಂಟಿಲೇಟರಿನ ಕೊಳವೆಯನ್ನು ಬಿಡಿಸಿದರು. ಸಣ್ಣ ನಳಿಕೆಯಿಂದ ಆಮ್ಲಜನಕ ಮಾತ್ರ ಹರಿಯುತ್ತಿತ್ತು. ಉಸಿರು ಹೊರಹೋಗದೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಅದು ಪಾದರಸದ 60 ಮಿಲಿಮೀಟರ್ ಒತ್ತಡ ಮುಟ್ಟಿದಾಗ, ಕಾಂಡದಲ್ಲಿ ಎಳ್ಳಷ್ಟು ಜೀವವಿದ್ದರೂ ಎದೆ ತಾನಾಗಿ ಎದ್ದೇ ಏಳುತ್ತದೆ. ಸುಮಾರು ಹತ್ತು ನಿಮಿಷ ನಾನು ಅವನ ಬರಿಯ ಎದೆಯನ್ನೇ ನೋಡುತ್ತ ನಿಂತಿದ್ದೆ. ಹೊರಗೆ ಬಂದಾಗ ಅವ್ವನಿಗೆ ‘ಬ್ರೈನ್ ಡೆಡ್’ ಎಂದು ಹೇಳಲು ನನ್ನ ಬಾಯಿಗೆ ಬರಲಿಲ್ಲ. “ಉಸಿರು ತಗೊಳ್ಳಲಿಲ್ಲವ್ವ” ಎಂದೆ. ಮೂರು ದಿನ ಆ ಇಂಗ್ಲಿಷ್ ಪದವನ್ನು ಒಪ್ಪದಿದ್ದವಳು ಈ ಮಾತಿಗೆ ಎದುರಾಡಲಿಲ್ಲ.

ನಮ್ಮ ಪತ್ರಿಕೆಗಳು ಬಳಸುವ ‘ಮೆದುಳು ನಿಷ್ಕ್ರಿಯ’ ಎಂಬ ಪದದ ಮೇಲೂ ನನಗೆ ಮುನಿಸಿದೆ. ನಿಷ್ಕ್ರಿಯವಾದದ್ದು ಮತ್ತೆ ಸಕ್ರಿಯವಾಗಬಹುದು. ಬ್ಯಾಂಕಿನ ಖಾತೆ ಆಗುತ್ತದೆ, ಸಿಮ್ ಆಗುತ್ತದೆ. ಓದುವವರು ಕಾಯದೆ ಇನ್ನೇನು ಮಾಡುತ್ತಾರೆ? 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರಿಗೆ ಬೆಂಗಳೂರಿನಲ್ಲಿ ಬೈಕ್ ಅಪಘಾತವಾದಾಗ ಒಂದೇ ದಿನ ತೀರಿಕೊಂಡರೆಂದೂ, ಇಲ್ಲ, ಹೃದಯ ಬಡಿಯುತ್ತಿದೆಯೆಂದೂ ಸುದ್ದಿ ಹರಿದಾಡಿದ್ದು ನಿಮಗೆ ನೆನಪಿರಬಹುದು. ಅವರ ಕುಟುಂಬ ಅಂಗಾಂಗ ದಾನಕ್ಕೆ ಒಪ್ಪಿತ್ತು, ಆದರೂ ನಾಡಿಗೆ ನಾಡೇ ಗೊಂದಲಕ್ಕೆ ಬಿತ್ತು. ಇನ್ನೊಂದು ಗೊಂದಲ ಅರುಣಾ ಶಾನುಭಾಗರ ಹೆಸರಿನಿಂದ ಬರುತ್ತದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ದಾದಿಯಾಗಿದ್ದ ಆಕೆ 1973ರ ಹಲ್ಲೆಯ ನಂತರ 2015ರವರೆಗೆ ಅದೇ ಆಸ್ಪತ್ರೆಯಲ್ಲಿ ಬದುಕಿದ್ದರಲ್ಲ, ಹಾಗಾದರೆ ನಮ್ಮವನೂ ಬದುಕಬಹುದಲ್ಲ ಎಂದು ನಮ್ಮ ಮಾವ ಕೇಳಿದರು. ಆಕೆಯ ಮೆದುಳಿನ ಕಾಂಡ ಸತ್ತಿರಲಿಲ್ಲ. ಯಂತ್ರವಿಲ್ಲದೆ ತಾವೇ ಉಸಿರಾಡುತ್ತಿದ್ದರು. ಮೆದುಳು ಸತ್ತ ಸ್ಥಿತಿ ಅದಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟವಾಗಿ ಹೇಳಿತು.

ಒಪ್ಪದವರು ನಮ್ಮ ಕಡೆಯ ಹಳ್ಳಿಯವರು ಮಾತ್ರ ಎಂದು ತಿಳಿಯಬೇಡಿ. ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 13 ವರ್ಷದ ಜಹಾಯ್ ಮೆಕ್‌ಮ್ಯಾಥ್ ಎಂಬ ಹುಡುಗಿಗೆ 2013ರ ಡಿಸೆಂಬರ್‌ನಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ರಕ್ತಸ್ರಾವವಾಗಿ ಮೆದುಳು ಸತ್ತಿತೆಂದು ವೈದ್ಯರು ಘೋಷಿಸಿದರು. ತಾಯಿ ನ್ಯಾಯಾಲಯಕ್ಕೆ ಹೋಗಿ, ಕ್ಯಾಲಿಫೋರ್ನಿಯಾದ ಮರಣ ಪ್ರಮಾಣಪತ್ರ ಕೈಯಲ್ಲಿರುವಾಗಲೇ, ಧರ್ಮದ ಕಾರಣಕ್ಕೆ ಈ ಬಗೆಯ ಸಾವನ್ನು ಒಪ್ಪದಿರಲು ಕಾನೂನಿನಲ್ಲೇ ಅವಕಾಶವಿರುವ ನ್ಯೂಜೆರ್ಸಿಗೆ ಮಗಳನ್ನು ಒಯ್ದರು. ಆ ದೇಹ 2018ರ ಜೂನ್‌ವರೆಗೆ, ಅಂದರೆ ನಾಲ್ಕೂವರೆ ವರ್ಷ, ಯಂತ್ರದ ಮೇಲೆ ಉಳಿಯಿತು. ಎರಡು ರಾಜ್ಯಗಳ ಗಡಿಯ ನಡುವೆ ಒಬ್ಬಳೇ ಹುಡುಗಿ ಒಂದು ಕಡೆ ಸತ್ತವಳು, ಇನ್ನೊಂದು ಕಡೆ ಬದುಕಿದವಳು. ಇದರ ತಿರುವುಮುರುವು ಟೆಕ್ಸಾಸ್‌ನಲ್ಲಿ ಅದೇ ಚಳಿಗಾಲದಲ್ಲಿ ನಡೆಯಿತು. ಗರ್ಭಿಣಿಯಾಗಿದ್ದ ಮಾರ್ಲೀಸ್ ಮುನ್ಯೋಸ್ ಅವರ ಮೆದುಳು ಸತ್ತಾಗ ಗಂಡನೂ ತಂದೆತಾಯಿಯೂ ಯಂತ್ರ ತೆಗೆಯಿರೆಂದರು, ಆಸ್ಪತ್ರೆ ಒಪ್ಪಲಿಲ್ಲ. ನ್ಯಾಯಾಲಯದ ಆದೇಶದ ಮೇಲೆ 2014ರ ಜನವರಿಯಲ್ಲಿ ತೆಗೆದರು.

ಅಂಗಾಂಗಕ್ಕಾಗಿಯೇ ಈ ಸಾವನ್ನು ಹುಟ್ಟುಹಾಕಿದರು ಎಂಬ ಅನುಮಾನಕ್ಕೆ ಬರೋಣ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮನುಷ್ಯರಿಂದ ಮನುಷ್ಯರಿಗೆ ಮೊದಲ ಹೃದಯ ಕಸಿ ನಡೆದದ್ದು 1967ರ ಡಿಸೆಂಬರ್‌ನಲ್ಲಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿ ಮೆದುಳಿನ ಸಾವಿನ ಮಾನದಂಡ ಪ್ರಕಟಿಸಿದ್ದು 1968ರ ಆಗಸ್ಟ್‌ನಲ್ಲಿ. ದಿನಾಂಕ ನೋಡಿದವರಿಗೆ ಅನುಮಾನ ಬರುವುದು ಸಹಜ. ಆದರೆ ಪ್ಯಾರಿಸ್‌ನ ಇಬ್ಬರು ವೈದ್ಯರು, ಮೊಲಾರೆ ಮತ್ತು ಗುಲೋನ್, ಕೋಮಾವನ್ನೂ ಮೀರಿದ ಈ ಸ್ಥಿತಿಯನ್ನು 1959ರಲ್ಲೇ ವಿವರಿಸಿದ್ದರು. ಆಗ ಹೃದಯ ಕಸಿಯ ಸುದ್ದಿಯೇ ಇರಲಿಲ್ಲ. ಈ ಸಾವನ್ನು ನಮ್ಮ ಕಣ್ಣಿಗೆ ಬೀಳಿಸಿದ್ದು ಉಸಿರಿನ ಯಂತ್ರ. ಯಂತ್ರ ಬರುವ ಮೊದಲು ಮೆದುಳಿನ ಕಾಂಡ ಸತ್ತರೆ ನಿಮಿಷಗಳಲ್ಲಿ ಹೃದಯವೂ ನಿಲ್ಲುತ್ತಿತ್ತು, ಎರಡನ್ನೂ ಬೇರೆಯಾಗಿ ಕಾಣುವ ಸಂದರ್ಭವೇ ಇರಲಿಲ್ಲ. ನಮ್ಮ ಮನೆಯಲ್ಲಿ ಆ ರಾತ್ರಿ ಅನುಮಾನಗಳು ಎರಡಿದ್ದವು: ಬಿಲ್ಲಿಗಾಗಿ ಸತ್ತವನನ್ನು ಯಂತ್ರದ ಮೇಲೆ ಇಟ್ಟಿದ್ದಾರೆ, ಕಿಡ್ನಿಗಾಗಿ ಬದುಕಿದವನನ್ನು ಸತ್ತನೆನ್ನುತ್ತಿದ್ದಾರೆ. ಇವೆರಡನ್ನೂ ಒಬ್ಬರೇ ಬಂಧು ಅರ್ಧ ಗಂಟೆಯೊಳಗೆ ಹೇಳಿದರು, ನಾನು ಎರಡಕ್ಕೂ ತಲೆಯಾಡಿಸಿದೆ.

ಅನುಮಾನಕ್ಕೆ ನಮ್ಮ ಕಾನೂನೇ ಸ್ವಲ್ಪ ಎಡೆಮಾಡಿಕೊಟ್ಟಿದೆ ಎನ್ನುವುದು ನನ್ನ ಅಭಿಪ್ರಾಯ. ಮೆದುಳಿನ ಕಾಂಡದ ಸಾವನ್ನು ಸಾವೆಂದು ಒಪ್ಪಿರುವುದು 1994ರ ಮಾನವ ಅಂಗಾಂಗ ಕಸಿ ಕಾಯ್ದೆ. ಜನನ ಮರಣ ನೋಂದಣಿಯ 1969ರ ಕಾಯ್ದೆ ‘ಜೀವದ ಎಲ್ಲ ಕುರುಹುಗಳೂ ಶಾಶ್ವತವಾಗಿ ಇಲ್ಲವಾಗುವುದು’ ಎಂಬರ್ಥದ ಮಾತನ್ನಷ್ಟೇ ಹೇಳುತ್ತದೆ, ಮೆದುಳಿನ ಹೆಸರೆತ್ತುವುದಿಲ್ಲ. ಹೀಗಾಗಿ ದಾನಕ್ಕೆ ಸಹಿ ಹಾಕಿದರೆ ಅವನು ಮೃತ. ಹಾಕದಿದ್ದರೆ ಯಂತ್ರ ತೆಗೆಯಲು ವೈದ್ಯರೂ ಹಿಂಜರಿಯುತ್ತಾರೆ, ಹೃದಯ ನಿಲ್ಲುವವರೆಗೆ ಅವನು ರೋಗಿಯೇ. ಕೇರಳ ಸರ್ಕಾರ 2020ರಲ್ಲಿ ಮಾರ್ಗಸೂಚಿ ಹೊರಡಿಸಿ, ದಾನದ ಮಾತಿರಲಿ ಬಿಡಲಿ ಮೆದುಳಿನ ಸಾವನ್ನು ಸಾವೆಂದೇ ಘೋಷಿಸಬೇಕೆಂದು ಬೇರ್ಪಡಿಸಿತು. ದೇಶಕ್ಕೆಲ್ಲ ಅಂಥ ಒಂದು ನಿಯಮ ಬಂದರೆ ‘ನಿರ್ಧಾರಕ್ಕೆ ಬನ್ನಿ’ ಎಂಬ ಮಾತೇ ಬೇಕಾಗುವುದಿಲ್ಲ.

ಇನ್ನು ಒಪ್ಪಲೇಬೇಕೆ ಎಂಬುದಕ್ಕೆ ನೇರವಾದ ಉತ್ತರ. ದಾನಕ್ಕೆ ಒಪ್ಪುವುದು, ಬಿಡುವುದು ಪೂರ್ತಿ ನಿಮ್ಮದು. ಸಾವನ್ನು ದೃಢೀಕರಿಸುವುದು ಮಾತ್ರ ನಿಮ್ಮ ಒಪ್ಪಿಗೆಯ ಮೇಲೆ ನಿಂತಿಲ್ಲ. ಕಾಯ್ದೆಯ ಪ್ರಕಾರ ಆ ಕೆಲಸ ನಾಲ್ವರು ವೈದ್ಯರ ಮಂಡಳಿಯದು. ಅವರಲ್ಲಿ ಸ್ವತಂತ್ರ ತಜ್ಞರೊಬ್ಬರೂ ನರರೋಗ ತಜ್ಞರು ಅಥವಾ ನರಶಸ್ತ್ರಚಿಕಿತ್ಸಕರೊಬ್ಬರೂ ಸರ್ಕಾರದ ಪ್ರಾಧಿಕಾರ ಒಪ್ಪಿದ ಪಟ್ಟಿಯವರಾಗಿರಬೇಕು, ಪರೀಕ್ಷೆ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಆಗಬೇಕು, ನಮೂನೆ 10ರಲ್ಲಿ ದಾಖಲಾಗಬೇಕು. ನಿಮ್ಮ ಬಂಧುವಿನ ವಿಷಯದಲ್ಲಿ ಇದು ನಡೆದಿತ್ತೇ, ಅಥವಾ ಸಿ.ಟಿ. ಸ್ಕ್ಯಾನ್ ನೋಡಿ ಒಬ್ಬರು ಬಾಯಿಮಾತಿನಲ್ಲಿ ಹೇಳಿದರೇ ಎಂಬುದು ನಿಮ್ಮ ಪ್ರಶ್ನೆಯಲ್ಲಿಲ್ಲ. ಬಾಯಿಮಾತಷ್ಟೇ ಆಗಿದ್ದರೆ ಮನೆಯವರು ಒಪ್ಪದೆ ಪರೀಕ್ಷೆ ಕೇಳುವುದು ಅವರ ಹಕ್ಕೇ ಸರಿ. ಎರಡು ಪರೀಕ್ಷೆಗಳೂ ಮುಗಿದು ಕಾಗದ ಕೈಗೆ ಬಂದ ಮೇಲೂ ಒಪ್ಪದಿದ್ದರೆ ಅದನ್ನು ತಪ್ಪೆನ್ನಲು ನನಗೆ ನಾಲಿಗೆ ಏಳದು, ಆದರೆ ಗಾಳಿಚೀಲ ಒತ್ತುತ್ತ ನೂರು ಕಿಲೋಮೀಟರ್ ಬಂದವರ ಕೈಗಳಿಗಷ್ಟೇ ಆಯಾಸ, ಅವನಿಗೆ ಅದರಿಂದ ಏನೂ ಆಗಿಲ್ಲ.

ನಮ್ಮಲ್ಲಿ ಎರಡನೆಯ ಪರೀಕ್ಷೆಯಾದದ್ದು ಸೋಮವಾರ. ಎದೆ ನಿಲ್ಲುವವರೆಗೆ ಕೈ ಹಚ್ಚಬೇಡಿರೆಂದು ಅವ್ವ ಕೇಳಿಕೊಂಡಳು, ಅಂಗದಾನ ಆಗಲಿಲ್ಲ. ಹೃದಯ ನಿಂತದ್ದು ಗುರುವಾರ ನಸುಕಿನಲ್ಲಿ. ಆಗ ಕಣ್ಣು ಕೊಡುವಿರಾ ಎಂದು ಕೇಳಿದ್ದಕ್ಕೆ ಅವಳು ಒಂದು ಮಾತೂ ಆಡದೆ ಹೆಬ್ಬೆಟ್ಟು ಒತ್ತಿದಳು. ನಟ ರಾಜಕುಮಾರರೂ ಕೊಟ್ಟಿದ್ದರಲ್ಲ ಎಂದು ಆಮೇಲೆ ಹೇಳಿದಳು. ಮರಣ ಪ್ರಮಾಣಪತ್ರದಲ್ಲಿ ಗುರುವಾರದ ತಾರೀಖೇ ಇದೆ. ನಿಮ್ಮ ಬಂಧುವಿನ ವಿಮೆ ಮತ್ತು ಅಪಘಾತ ಪರಿಹಾರದ ಕಾಗದಗಳಿಗೂ ಈ ತಾರೀಖು ಬೇಕಾಗುತ್ತದೆ. ಊರಿಗೆ ಕರೆತಂದ ಮೇಲೆ ತೀರಿಕೊಂಡಿದ್ದರೆ, ಆಸ್ಪತ್ರೆಯ ಬಿಡುಗಡೆ ಚೀಟಿಯನ್ನೂ ಪರೀಕ್ಷೆಗಳ ಪ್ರತಿಯನ್ನೂ ಈಗಲೇ ಕೇಳಿ ತೆಗೆದಿಟ್ಟುಕೊಳ್ಳಿ.