ನಿದ್ದೆ ಬಾರದವರಿಗೆ ಹಗಲಿನ ವಿಮಾನವೇ, ರಾತ್ರಿಯದೇ?

ಬೆಂಗಳೂರಿನಿಂದ ಲಂಡನ್ನಿಗೆ ಹೋಗಿಬರುವಾಗ ವಿಮಾನದಲ್ಲಿ ಕಣ್ಣು ಮುಚ್ಚಲಾಗದವರು ಯಾವ ಹೊತ್ತಿನ ಟಿಕೆಟ್ ಕೊಳ್ಳಬೇಕೆಂಬ ಪ್ರಶ್ನೆಗೆ, ಹೋಗುವಾಗ ಹಗಲಿನದೇ ಮೇಲೆಂಬುದು ನನ್ನ ಉತ್ತರ. ಚಳಿಗಾಲದಲ್ಲಿ ಲಂಡನ್ ನಮಗಿಂತ 5.30 ಗಂಟೆ ಹಿಂದಿರುವುದರಿಂದ, ಬೆಳಿಗ್ಗೆ 7ಕ್ಕೆ ಹೊರಟು ಹತ್ತೂವರೆ ತಾಸು ಹಾರಿದರೂ ಅಲ್ಲಿ ಇಳಿಯುವಾಗ ನಡುಮಧ್ಯಾಹ್ನವಾಗಿರುತ್ತದೆ. ಸಂಜೆಯವರೆಗೆ ಹೇಗಾದರೂ ಎಚ್ಚರವಾಗಿದ್ದರೆ ರಾತ್ರಿಯ ನಿದ್ದೆ ತಾನಾಗಿ ಬರುತ್ತದೆ. ಆದರೆ 7ರ ವಿಮಾನಕ್ಕೆ 4ಕ್ಕೇ ದೇವನಹಳ್ಳಿ ತಲುಪಬೇಕು, ಅಂದರೆ ನಗರದ ದಕ್ಷಿಣದಲ್ಲಿರುವವರು ಎರಡೂವರೆಗೇ ಮನೆ ಬಿಡಬೇಕು. ಹಿಂದಿನ ಸಂಜೆ ಬೇಗ ಮಲಗದಿದ್ದರೆ ಆ ರಾತ್ರಿಯೂ ಹಾಳಾಗಿ ಹಗಲಿನ ವಿಮಾನದ ಲಾಭವೇ ಉಳಿಯುವುದಿಲ್ಲ.

ಮರಳುವಾಗ ಲೆಕ್ಕ ಅಷ್ಟು ಸುಲಭವಲ್ಲ, ಏಕೆಂದರೆ ಪೂರ್ವಕ್ಕೆ ಬರುವಾಗ ದೇಹದ ಗಡಿಯಾರವನ್ನು ಮುಂದಕ್ಕೆ ತಳ್ಳಬೇಕಾಗುತ್ತದೆ, ಬಹುತೇಕರಿಗೆ ಇದೇ ಹೆಚ್ಚು ಕಷ್ಟ. ರಾತ್ರಿ 8ಕ್ಕೆ ಹೊರಟರೆ ಬೆಂಗಳೂರಿನಲ್ಲಿ ಇಳಿಯುವುದು ಮರುದಿನ ಸುಮಾರು ಹನ್ನೊಂದೂವರೆಗೆ, ಅದೂ ಒಂದು ಇಡೀ ರಾತ್ರಿಯ ನಿದ್ದೆ ಕಳೆದುಕೊಂಡು. ಬೆಳಿಗ್ಗೆ ಹೊರಡುವ ವಿಮಾನ ಸಿಕ್ಕರೆ ನಡುರಾತ್ರಿ ದಾಟಿದ ಮೇಲಾದರೂ ಮನೆಯ ಹಾಸಿಗೆ ಸಿಗುತ್ತದೆ, ತಕ್ಷಣ ನಿದ್ದೆ ಹತ್ತದಿದ್ದರೂ ಕಾಲು ಚಾಚಬಹುದು. ಸಿಗದಿದ್ದರೆ, ಮರುದಿನ ಕಚೇರಿಗೆ ರಜೆ ಹಾಕಿಯೇ ರಾತ್ರಿಯ ವಿಮಾನ ಹತ್ತಿರಿ.